ತೊಟ್ಟಿಯ ಬಳಿ ಆಡಿದ ಮಾತು

ಬೆಂಕಿ ಆರಿಸಿ ಬಂದ ಮೇಲೆ ಆ ಅಗ್ನಿಶಾಮಕ ಠಾಣೆಯಲ್ಲಿ ಮೊದಲು ಆಗುವ ಕೆಲಸ ಹೋಸ್ ತೊಳೆಯುವುದು. ಹಿಂದಿನ ಅಂಗಳದಲ್ಲಿ ಉದ್ದನೆಯ ಸಿಮೆಂಟ್ ತೊಟ್ಟಿ. ಮಸಿ, ಕೆಸರು, ಕರಗಿದ ಪ್ಲಾಸ್ಟಿಕ್ಕು ಮೆತ್ತಿಕೊಂಡ ಹೋಸನ್ನು ಅದರಲ್ಲಿ ಹಾಯಿಸಿ, ಎರಡೂ ಕಡೆ ಸಾಲಾಗಿ ಕುಕ್ಕರಗಾಲಲ್ಲಿ ಕೂತು ಬ್ರಷ್ಷಿನಿಂದ ಉಜ್ಜಬೇಕು. ಆಮೇಲೆ ಗೋಪುರದ ತುದಿಯ ರಾಟೆಗೆ ಎಳೆದು ಒಣಹಾಕಬೇಕು. ಉಜ್ಜುವಾಗ ಯಾರೂ ಸುಮ್ಮನಿರುವ ಹಾಗಿಲ್ಲ. ಒಬ್ಬೊಬ್ಬರೂ ಅವತ್ತಿನ ತಮ್ಮ ತಪ್ಪೊಂದನ್ನು ಹೇಳಬೇಕು. "ನನ್ನದೊಂದು ಇದೆ" ಎಂದು ಶುರುಮಾಡಬೇಕು. ತಪ್ಪೇ ಮಾಡದವನು ಒಂದನ್ನು ಹುಡುಕಿಯಾದರೂ ಹೇಳಬೇಕು. ಯಾಕೆಂದರೆ ನಿಜವಾಗಿ ದೊಡ್ಡ ತಪ್ಪು ಮಾಡಿದವನು ಆ ಸಾಲಿನಲ್ಲಿ ಒಂಟಿಯಾಗಬಾರದು. ಆ ಮಾತುಗಳೆಲ್ಲ ಕರಿನೀರಿನ ಜೊತೆ ಮೋರಿ ಸೇರುತ್ತವೆ, ಯಾರೂ ಅವನ್ನು ಹೊರಗೆ ಎತ್ತುವುದಿಲ್ಲ ಎಂಬ ನಂಬಿಕೆ ಎಲ್ಲರಿಗೂ ಇತ್ತು. ರೂಢಿ ಯಾರು ಶುರುಮಾಡಿದರೋ, ಕೇಳಿದವರಿಲ್ಲ.

ಹಾಸಿಗೆ ಗೋದಾಮಿನ ಬೆಂಕಿ ಆರಿಸಿ ಬಂದ ಸಂಜೆ, ಭಾವ ಹೇಳಿದ: "ನನ್ನದೊಂದು ಇದೆ. ನೀರು ನಿಲ್ಲಿಸಿದ್ದು ನಾನೇ. ಅವನ ಕೈ ಸುಟ್ಟಿದ್ದು ನನ್ನಿಂದ."

ಭಾವ ಎಂದರೆ ಪಂಪ್ ನೋಡಿಕೊಳ್ಳುವವನು. ಹೋಸಿನ ಮುಂದಿನ ತುದಿ ಹಿಡಿದು ಬೆಂಕಿಯೊಳಗೆ ನುಗ್ಗುವವನು ಅವನ ಹೆಂಡತಿಯ ತಮ್ಮ. ಆ ಬಾಮೈದ ದಿನವಿಡೀ "ಭಾವ, ಭಾವ" ಎಂದು ಕೂಗಿ ಕೂಗಿ, ಒಬ್ಬನಿಗೆ ಭಾವನಾದವನು ಇಡೀ ಠಾಣೆಗೆ ಭಾವನಾಗಿಬಿಟ್ಟಿದ್ದ. ಅವನಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ಇವನು ಮೊದಲು ನಾಚಿಕೊಂಡ, ಆಮೇಲೆ ಓಗೊಟ್ಟ. ಕಡಿಮೆ ಮಾತಿನ ಮನುಷ್ಯ, ಕಿವಿ ಮಾತ್ರ ಚುರುಕು. ಪಂಪಿನ ಸದ್ದಿನಲ್ಲಿ ಅವನಿಗೆ ಒಂದು ನಡೆ ಕೇಳಿಸುತ್ತಿತ್ತು. ಚಿಕ್ಕಂದಿನಲ್ಲಿ ಬೆಳಗಾಗುವ ಮೊದಲೇ ಅಮ್ಮ ಒಳಕೋಣೆಯಲ್ಲಿ ಪದ್ಯ ಹೇಳಿಕೊಳ್ಳುತ್ತಿದ್ದಳಲ್ಲ, ಅದೇ ನಡೆ. ಏರು, ಇಳಿವು, ಮತ್ತೆ ಏರು. ಎಲ್ಲಾದರೂ ತಾಳ ತಪ್ಪಿದರೆ ಕಣ್ಣು ಒತ್ತಡದ ಗೇಜಿನ ಮೇಲೆ ಬೀಳುವ ಮುಂಚೆ ಕೈ ವಾಲ್ವಿನ ಮೇಲೆ ಇರುತ್ತಿತ್ತು.

ಅವತ್ತು ತಾಳ ತಪ್ಪಿತ್ತು. ಗೋದಾಮಿನ ಅರ್ಧ ಎತ್ತಿದ ಕಬ್ಬಿಣದ ಬಾಗಿಲಿನ ಅಂಚಿಗೆ ಉಜ್ಜಿ ಉಜ್ಜಿ ಹೋಸು ಸೀಳಿಹೋಯಿತು. ಸೀಳಿದ ಹೋಸು ಬಾಲ ತುಳಿಸಿಕೊಂಡ ಹಾವಿನ ಹಾಗೆ ಓಣಿಯಲ್ಲಿ ಹೊಡೆದುಕೊಳ್ಳತೊಡಗಿತು. ಅಲ್ಲೇ ಏಣಿ ಹತ್ತುತ್ತಿದ್ದವರಿದ್ದರು, ನೋಡಲು ನಿಂತ ಜನರಿದ್ದರು. ಭಾವ ವಾಕಿಟಾಕಿಯಲ್ಲಿ ಕೂಗಿದ: "ನೀರು ನಿಲ್ಲಿಸ್ತಿದೀನಿ, ಹೊರಗೆ ಬಾ!" ನಿಯಮದ ಪ್ರಕಾರ ಒಳಗಿದ್ದವನು "ಕೇಳಿಸ್ತು" ಎನ್ನಬೇಕು; ಆಮೇಲೆಯೇ ವಾಲ್ವ್ ಮುಚ್ಚಬೇಕು. ಉತ್ತರ ಬರಲಿಲ್ಲ. ಭಾವ ಮುಚ್ಚಿದ. ಒಳಗೆ ಬಾಮೈದನ ಕೈಯಲ್ಲಿ ನೀರು ಸತ್ತುಹೋಯಿತು. ಉರಿಯುವ ಹಾಸಿಗೆಯೊಂದು ಮೇಲಿನಿಂದ ಜಾರಿ ಅವನ ಎಡಗೈ ಮೇಲೆ ಬಿತ್ತು.

ತೊಟ್ಟಿಯ ಸುತ್ತ ಕೂತವರು ಭಾವನನ್ನು ಒಂಟಿಮಾಡಲಿಲ್ಲ. ಏಣಿ ಗಾಡಿ ನಡೆಸುವ ಹೆಂಗಸು, ಎಲ್ಲರೂ ಏಣಿ ಅಕ್ಕ ಎಂದು ಕರೆಯುವವಳು, ತಕ್ಷಣ ಬಾಯಿ ಹಾಕಿದಳು: "ನನ್ನದೊಂದು ಇದೆ. ಆ ಬಾಗಿಲ ಅಂಚು ನಾನೂ ನೋಡ್ದೆ. ಒಂದು ಗೋಣಿಚೀಲ ಮಡಿಸಿ ಹೋಸಿನ ಕೆಳಗೆ ಇಟ್ಟಿದ್ರೆ ಮುಗಿದುಹೋಗ್ತಿತ್ತು. ಇಡಲಿಲ್ಲ." ಇನ್ನೊಬ್ಬ ಹೋಸು ತಿರುಚಿಕೊಂಡಿದ್ದನ್ನು ಬಿಡಿಸಲಿಲ್ಲ ಎಂದ. ಮೂಲೆಯಲ್ಲಿ ಕೂತ ದಪ್ಪ ಹೊಟ್ಟೆಯವನು ಎಂದಿನಂತೆ, "ನಾನು ಈ ಕೆಲಸಕ್ಕೆ ಸೇರಿದ್ದೇ ತಪ್ಪು" ಎಂದ. ಅದಕ್ಕೂ ಭಾವ ನಗಲಿಲ್ಲ.

ಇವರ್ಯಾರೂ ಬಾಗಿಲ ಕಡೆ ನೋಡಿರಲಿಲ್ಲ. ಅಲ್ಲಿ ಹೊಸದಾಗಿ ವರ್ಗವಾಗಿ ಬಂದ ಉಪಾಧಿಕಾರಿ ನಿಂತಿದ್ದರು. ಎಂಥ ಬೆಂಕಿಗೆ ಹೋಗಿ ಬಂದರೂ ಅವರ ಅಂಗಿಯ ಮಡಿಕೆ ಮುರಿಯುತ್ತಿರಲಿಲ್ಲವಾದ್ದರಿಂದ, ಬಂದ ವಾರದೊಳಗೆ ಅವರಿಗೆ ಇಸ್ತ್ರಿ ಸಾಹೇಬರು ಎಂದು ಹೆಸರು ಬಿದ್ದಿತ್ತು. ಅವರಿಗೆ ಈ ರೂಢಿ ಗೊತ್ತಿರಲಿಲ್ಲ. ಕೇಳಿಸಿದ್ದನ್ನು ಮೇಲಿನ ಕಚೇರಿಗೆ ವರದಿ ಮಾಡಿದರು: ಪಂಪ್ ಚಾಲಕ ಎಲ್ಲರೆದುರು ತಪ್ಪೊಪ್ಪಿಕೊಂಡಿದ್ದಾನೆ.

*

ಮಾರನೆಯ ಬೆಳಿಗ್ಗೆ ಪಾಳಿ ಮುಗಿದು, ಸ್ನಾನವೂ ಇಲ್ಲದೆ, ನಿದ್ದೆಯೂ ಇಲ್ಲದೆ, ಭಾವ ಮುಖ್ಯ ಕಚೇರಿಯ ಎರಡನೇ ಮಹಡಿಯ ಕೋಣೆಯೊಂದರಲ್ಲಿ ಕೂತಿದ್ದ. ಹೊರಡುವ ಮೊದಲು ಹೆಂಡತಿಗೆ ಫೋನ್ ಮಾಡಿ ಸಾಹೇಬರು ಕರೆದಿದ್ದಾರೆ ಎಂದಷ್ಟೇ ಹೇಳಿದ್ದ. ಅವಳು ಆಸ್ಪತ್ರೆಯಲ್ಲಿ ತಮ್ಮನ ಪಕ್ಕದಲ್ಲಿದ್ದಳು. "ಯಾತಕ್ಕೆ ಕರೆದಿದಾರೆ?" ಎಂದು ಕೇಳಿದ್ದಕ್ಕೆ ಇವನು "ಸುಮ್ನೆ" ಎಂದಿದ್ದ. ಇವನ "ಸುಮ್ನೆ" ಎಂಥದ್ದೆಂದು ಅವಳಿಗೆ ಮದುವೆಯಾದಾಗಿನಿಂದ ಗೊತ್ತು.

ಕೋಣೆಯಲ್ಲಿ ಫ್ಯಾನು ಕಟಕಟ ಎನ್ನುತ್ತಿತ್ತು. ಮೇಜಿನಾಚೆ ವಿಚಾರಣಾಧಿಕಾರಿ, ತಲೆ ನೆರೆತ, ಮೆದು ಮಾತಿನವರು. ಪಕ್ಕದಲ್ಲಿ ಇಸ್ತ್ರಿ ಸಾಹೇಬರು.

"ಹೆಚ್ಚೇನಿಲ್ಲ, ಎರಡು ಮಾತು ಅಷ್ಟೆ," ಎಂದರು ಅಧಿಕಾರಿ. "ನೀವೇ ಹೇಳಿದೀರಲ್ಲ, ಇನ್ನು ಎಳೆದಾಡೋದು ಯಾಕೆ? ಒಪ್ಪಿಕೊಂಡ್ರೆ ಇವತ್ತೇ ಮುಗಿಸಿ ಏನಾದ್ರೂ ಹಗುರ ಮಾಡಬಹುದು. ಇಲ್ಲ ಅಂದ್ರೆ ನೋಡಿ, ಅಮಾನತು, ಅದು ಇದು. ಕೆಲಸವೇ ಹೋದ್ರೂ ಹೋಗಬಹುದು."

ಅವರು ಒಂದು ಹಾಳೆಯನ್ನು ಇವನ ಕಡೆ ತಳ್ಳಿದರು. ಭಾವ ಓದಲಿಲ್ಲ. ಕಣ್ಣಿಗೆ ಅಕ್ಷರಗಳೇ ನಿಲ್ಲುತ್ತಿರಲಿಲ್ಲ. ಬಾಮೈದನ ಬ್ಯಾಂಡೇಜು ಸುತ್ತಿದ ಎಡಗೈಯೊಂದೇ ನಿಲ್ಲುತ್ತಿತ್ತು. ರುಜು ಹಾಕಿದರೆ ಎದೆ ಹಗುರಾಗುತ್ತದೆ ಅನ್ನಿಸಿತು. ಪೆನ್ನು ಎತ್ತಿಕೊಂಡ.

ಬಾಗಿಲು ಬಡಿದ ಸದ್ದಾಯಿತು. ಬಡಿದವರು "ಬನ್ನಿ" ಎನ್ನುವವರೆಗೆ ಕಾಯಲಿಲ್ಲ. ಏಣಿ ಅಕ್ಕ. ಒಂದು ಕೈಯಲ್ಲಿ ಟೀ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ನೌಕರರ ಸಂಘದ ಬ್ಯಾಡ್ಜು. ಮೆಟ್ಟಿಲು ಹತ್ತಿದ ಏದುಸಿರು.

"ಕೆಳಗಿಡು ಪೆನ್ನು," ಎಂದಳು ಭಾವನಿಗೆ. ಆಮೇಲೆ ಅಧಿಕಾರಿಗೆ ಕೈಮುಗಿದು, "ನಮಸ್ಕಾರ ಸಾರ್. ನಾನು ಇವನ ಪ್ರತಿನಿಧಿ. ಪಕ್ಕದಲ್ಲಿ ಕೂರ್ತೀನಿ."

"ನಿಮ್ಮನ್ನ ಯಾರು ಕರೆದ್ರು?"

"ಇವನ ಹೆಂಡತಿ. ಸುಟ್ಕೊಂಡವನ ಅಕ್ಕ. ಇಬ್ಬರೂ ಒಬ್ಬಳೇ, ಸಾರ್," ಎನ್ನುತ್ತಾ ಕುರ್ಚಿ ಎಳೆದುಕೊಂಡಳು. "'ಅಕ್ಕಾ, ನನ್ನ ಗಂಡ ಎಲ್ಲದಕ್ಕೂ ಹೂಂ ಅಂದುಬಿಡ್ತಾರೆ, ಓಡಿ' ಅಂದ್ಲು. ಓಡಿ ಬಂದೆ. ಈ ನೋಯೋ ಮಂಡಿ ಇಟ್ಕೊಂಡು."

ಅಧಿಕಾರಿ ಕನ್ನಡಕ ತೆಗೆದರು. "ಇದು ಸುಮ್ನೆ ಒಂದು ಮಾತುಕತೆ, ತಾಯಿ."

"ಮಾತುಕತೆಗೆ ರುಜು ಯಾಕೆ ಸಾರ್? ಕೆಲಸ ಹೋಗಬಹುದು ಅನ್ನೋ ಮಾತು ಬಂದ ಮೇಲೆ ಇದು ವಿಚಾರಣೆ. ವಿಚಾರಣೆ ಅಂದ್ರೆ ನಮಗೊಂದು ಕಾಯಿದೆ ಇದೆ. ಆರೋಪ ಏನು, ದೂರು ಕೊಟ್ಟೋರು ಯಾರು, ಕೇಳೋರು ಯಾರು, ಅದನ್ನೆಲ್ಲ ಮೊದಲೇ ಬರೆದು ಕೊಡಬೇಕು. ಕೊಟ್ಟಿದೀರಾ?"

ಅಧಿಕಾರಿ ಇಸ್ತ್ರಿ ಸಾಹೇಬರ ಕಡೆ ನೋಡಿದರು. ಇಸ್ತ್ರಿ ಸಾಹೇಬರು ಫ್ಯಾನಿನ ಕಡೆ ನೋಡಿದರು.

"ರಾತ್ರಿಯೆಲ್ಲ ಕೆಲಸ ಮಾಡಿದವನನ್ನ ಕಣ್ಣು ಮುಚ್ಚೋಕೂ ಬಿಡದೆ ಕೂರಿಸೋ ಹಾಗಿಲ್ಲ. ಒಪ್ಪಿಕೊಂಡ್ರೆ ಹಗುರ, ಇಲ್ಲಾಂದ್ರೆ ಭಾರ ಅಂತ ಆಸೆನೂ ತೋರಿಸೋ ಹಾಗಿಲ್ಲ, ಹೆದರಿಸೋ ಹಾಗೂ ಇಲ್ಲ. ಜೊತೆಗೊಬ್ಬರನ್ನ ಕರ್ಕೊಂಡು ಬರಬಹುದು ಅಂತ ಇವನಿಗೆ ಹೇಳಬೇಕಿತ್ತು. ಹೇಳಿದ್ರೇನೋ, ಭಾವ?"

ಭಾವ ತಲೆಯಲ್ಲಾಡಿಸಿದ. ಆಮೇಲೆ ನಿಧಾನವಾಗಿ, "ಆದ್ರೂ ಅಕ್ಕ, ತಪ್ಪು ನನ್ನದೇ ಅಲ್ವಾ? ಕಾಯಿದೆ ತೋರಿಸಿ ತಪ್ಪಿಸಿಕೊಳ್ಳೋದು ಸರಿ ಅಲ್ಲ ಅನ್ಸತ್ತೆ," ಎಂದ.

ಏಣಿ ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ತಪ್ಪಿಸಿಕೋ ಅಂತ ಯಾರು ಹೇಳಿದ್ರು? ಪೂರ್ತಿ ಹೇಳು ಅಂತಿದೀನಿ. ನೀನು ಹೇಳೋಕೆ ಹೊರಟಿರೋದು ಅರ್ಧ. ಅರ್ಧಕ್ಕೆ ರುಜು ಹಾಕಿದ್ರೆ ಉಳಿದರ್ಧ ಎಲ್ಲಿಗೆ ಹೋಗತ್ತೆ?" ಆಮೇಲೆ ಇಸ್ತ್ರಿ ಸಾಹೇಬರ ಕಡೆ ತಿರುಗಿ, "ಸಾಹೇಬರೇ, ತೊಟ್ಟಿ ಹತ್ರ ನಾನೂ ನನ್ನ ತಪ್ಪು ಹೇಳಿದೆ. ಅವನೂ ಹೇಳಿದ, ಇವನೂ ಹೇಳಿದ. ಇವನದ್ದು ಮಾತ್ರ ಹೇಗೆ ಬರೆದ್ಕೊಂಡ್ರಿ? ನಂದೂ ಬರೀರಿ. ಗೋಣಿಚೀಲ ಇಡದವಳು ಅಂತ."

ಇಸ್ತ್ರಿ ಸಾಹೇಬರು ಮೊದಲ ಸಲ ಬಾಯಿಬಿಟ್ಟರು. ದನಿ ಏರಿಸಲಿಲ್ಲ. "ನನ್ನ ಹಳೇ ಠಾಣೆಯಲ್ಲಿ ಒಬ್ಬರ ತಪ್ಪನ್ನ ಎಲ್ಲರೂ ಸೇರಿ ಮುಚ್ಚಿಹಾಕಿದ್ರು. ಅದೇ ತಪ್ಪು ಮತ್ತೆ ಆಯ್ತು. ಆ ಸಲ ಒಬ್ಬ ಸತ್ತ. ಇನ್ನೊಂದು ಸಲ ಹಾಗಾಗೋಕೆ ಬಿಡಲ್ಲ ಅಂದ್ಕೊಂಡಿದ್ದೆ."

ಅಧಿಕಾರಿ ಆ ಹಾಳೆಯನ್ನು ನಿಧಾನವಾಗಿ ತಮ್ಮ ಕಡೆ ಎಳೆದುಕೊಂಡು, ಎರಡಾಗಿ ಮಡಿಸಿ ಪಕ್ಕಕ್ಕಿಟ್ಟರು. "ಸರಿ. ಎಲ್ಲ ಕ್ರಮವಾಗಿ ಮಾಡೋಣ. ಆರೋಪ ಬರೆದು ಕಳಿಸ್ತೀನಿ. ಅಲ್ಲೀವರೆಗೆ ಪಂಪ್ ಕೆಲಸ ಬೇಡ, ಉಗ್ರಾಣದಲ್ಲಿ ಇರಲಿ. ಮನೆಗೆ ಹೋಗಿ ಮಲಗಿ, ಭಾವನವರೇ." ಅವರ ಬಾಯಲ್ಲೂ ಅದೇ ಹೆಸರು ಬಂದುಬಿಟ್ಟಿತು.

ಮೆಟ್ಟಿಲಿಳಿಯುವಾಗ ಅಕ್ಕ ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ ಕೊಟ್ಟಳು. "ಕುಡಿ. ಮತ್ತೆ ಒಂದು ಮಾತು. ನಿನ್ನ ಬಾಮೈದ ಈಗ ಸಾಕ್ಷಿ. ವಿಚಾರಣೆ ಮುಗಿಯೋವರೆಗೆ ಅವನ ಹತ್ರ ಬೆಂಕಿ ವಿಷಯ ಎತ್ತಬೇಡ. ಇಬ್ಬರೂ ಸೇರಿ ಕತೆ ಕಟ್ಟಿದ್ರು ಅಂತ ನಾಳೆ ಯಾರೂ ಅನ್ನಬಾರದು."

*

ಆಸ್ಪತ್ರೆಗೆ ಹೋಗಲು ಭಾವನ ಕಾಲು ಏಳಲಿಲ್ಲ. ಒಂದು ದಿನ ತಪ್ಪಿಸಿದ, ಎರಡನೇ ದಿನವೂ ತಪ್ಪಿಸಲು ನೋಡಿದ. ಹೆಂಡತಿ ಬಿಡಲಿಲ್ಲ.

"ರೀ, ಅವನು ಕಣ್ಣು ಬಿಟ್ಟಾಗಿಂದ ನಿಮ್ಮನ್ನೇ ಕೇಳ್ತಿದಾನೆ. ನಾನೇನು ಹೇಳ್ಲಿ? ನಿಮ್ಮ ಭಾವ ಗೋಡೆ ನೋಡ್ಕೊಂಡು ಕೂತಿದಾರೆ ಅಂತ ಹೇಳ್ಲಾ?"

"ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಇರೋದೊಂದೇ ಮುಖ. ಅದನ್ನೇ ತೊಳ್ಕೊಂಡು ಬನ್ನಿ," ಎಂದು ಟವಲು ಕೈಗಿತ್ತಳು. ಅವನು ಟವಲು ಹಿಡಿದು ಅಲ್ಲೇ ನಿಂತಿದ್ದಾಗ ಅವಳ ದನಿ ಇಳಿಯಿತು. "ಅವನು ನನ್ನ ತಮ್ಮ. ಕೈ ನೋಡಿದಾಗ ಅತ್ತುಬಿಟ್ಟೆ. ನಿಮ್ಮ ಮೇಲೆ ಸಿಟ್ಟೂ ಬಂತು, ಸುಳ್ಳು ಹೇಳಲ್ಲ. ಆದ್ರೆ ಅವನ ಕೈ ಸುಟ್ಟಿದ್ದಕ್ಕೆ ನೀವು ಪೂರ್ತಿ ಸುಟ್ಕೋಬೇಕು ಅಂತ ನಾನಂತೂ ಕೇಳಿಲ್ಲ."

ಬಾಮೈದ ಎರಡು ದಿಂಬಿಗೆ ಒರಗಿ ಕೂತಿದ್ದ. ಎಡಗೈ ಬೆರಳ ತುದಿಯಿಂದ ಮೊಣಕೈವರೆಗೆ ಬಿಳಿ. ಭಾವನನ್ನು ನೋಡಿದ್ದೇ ಬಾಯಿ ತೆರೆದ: "ಭಾವ! ಅವತ್ತು ನೀರು..."

"ಮಾತಾಡಬೇಡ!" ಭಾವ ಗಾಬರಿಯಾಗಿ ಎರಡೂ ಕೈ ಎತ್ತಿದ. "ನೀನು ಸಾಕ್ಷಿ. ಆ ವಿಷಯ ನಾವು ಆಡೋ ಹಾಗಿಲ್ಲ."

"ಹಾಗಾದ್ರೆ ಏನು ಆಡೋದು?"

ಇಬ್ಬರೂ ಯೋಚಿಸಿದರು. ಹುಡುಕಿದರೆ ಬೆಂಕಿ ಬಿಟ್ಟು ಇಬ್ಬರಿಗೂ ಬೇರೆ ಮಾತೇ ಇರಲಿಲ್ಲ.

"ಇಲ್ಲಿ ಊಟ ಸಪ್ಪೆ," ಎಂದ ಬಾಮೈದ ಕೊನೆಗೆ.

"ಹೌದಾ?"

"ಉಪ್ಪು ಅನ್ನೋ ಪದಾರ್ಥ ಇದೆ ಅಂತಾನೇ ಇವರಿಗೆ ಗೊತ್ತಿಲ್ಲ ಭಾವ."

"ಫ್ಯಾನು ಚೆನ್ನಾಗಿ ತಿರುಗತ್ತಲ್ಲ."

"ತಿರುಗತ್ತೆ. ಪಕ್ಕದ ಮಂಚದ ತಾತ ಗೊರಕೆ ಹೊಡೀತಾರೆ, ಥೇಟ್ ನಮ್ಮ ಹಳೇ ಪಂಪೇ. ಮೊದಲನೇ ರಾತ್ರಿ ಎದ್ದು ಹೋಸಿನ ನಾಝಲ್ ಹುಡುಕಿದೆ."

ಭಾವನಿಗೆ ತಡೆಯಲಾಗಲಿಲ್ಲ. ಮೂರು ದಿನದಿಂದ ತಡೆದಿಟ್ಟಿದ್ದುದು ನಗುವಾಗಿ ಹೊರಟಿತು, ಹೊರಟ ಮೇಲೆ ಅಳುವಾಯಿತು. ಬಾಮೈದ ಗಾಯವಿಲ್ಲದ ಕೈಯಿಂದ ಅವನ ಬೆನ್ನು ತಟ್ಟಿದ. ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ನಿಂತು, ಅಗತ್ಯವೇ ಇಲ್ಲದಿದ್ದರೂ ಪರದೆಯನ್ನು ಸರಿಮಾಡಿದಳು.

*

ಉಗ್ರಾಣದ ಕಿಟಕಿ ಹಿಂದಿನ ಅಂಗಳಕ್ಕೆ ತೆರೆದುಕೊಳ್ಳುತ್ತಿತ್ತು. ಭಾವ ಅಲ್ಲಿ ಕೂತು ಹೆಲ್ಮೆಟ್ಟುಗಳ ಗದ್ದದ ಪಟ್ಟಿ ಬದಲಿಸುತ್ತಿದ್ದಾಗ, ಯಾವುದೋ ಕಾರಿಗೆ ಹತ್ತಿದ ಬೆಂಕಿ ಆರಿಸಿ ತಂಡ ವಾಪಸಾಯಿತು. ಹೋಸನ್ನು ತೊಟ್ಟಿಗೆ ಹಾಯಿಸುವ ಸದ್ದು ಕೇಳಿಸಿತು. ಆಮೇಲೆ ಬ್ರಷ್ಷುಗಳ ಸದ್ದು. ಭಾವ ಕೈ ನಿಲ್ಲಿಸಿ ಕಾದ.

ಬ್ರಷ್ಷುಗಳ ಸದ್ದು ಅಷ್ಟೆ. ಪರಪರ, ಪರಪರ. ಯಾರೂ "ನನ್ನದೊಂದು ಇದೆ" ಎನ್ನಲಿಲ್ಲ. ದಪ್ಪ ಹೊಟ್ಟೆಯವನು ಕೂಡ ಈ ಕೆಲಸಕ್ಕೆ ಸೇರಿದ್ದು ತಪ್ಪು ಎನ್ನಲಿಲ್ಲ. ಹೋಸು ತೊಳೆದಾಯಿತು, ರಾಟೆಗೆ ಏರಿಸಿದ್ದೂ ಆಯಿತು, ಬೂಟುಗಳ ಸದ್ದು ಒಳಗೆ ಹೋಯಿತು.

ಕೆಲಸ ಹೋಗುತ್ತದೆ ಎಂಬ ಮಾತಿಗೂ ಅವನು ಹೀಗೆ ಹೆದರಿರಲಿಲ್ಲ. ಏನೋ ತಪ್ಪಾಗಿರಲೇಬೇಕು, ಬೆಂಕಿ ಅಂದಮೇಲೆ ತಪ್ಪಿಲ್ಲದೆ ಇರುವುದಿಲ್ಲ. ಅದನ್ನು ಇವತ್ತು ಒಬ್ಬೊಬ್ಬರೂ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗುತ್ತಾರೆ. ನಾಳೆ ಅದೇ ತಪ್ಪು ಇನ್ನೊಬ್ಬನ ಕೈಯಿಂದ ಆಗುತ್ತದೆ.

ಆರೋಪದ ಪತ್ರ ಕೊಡಲು ಬಂದ ಅಕ್ಕನಿಗೆ ಅವನು ಅದನ್ನೇ ಹೇಳಿದ. "ನನ್ನ ಮಾತಿಂದ ತೊಟ್ಟಿ ಮೂಕಾಯ್ತಲ್ಲ ಅಕ್ಕ."

"ನಿನ್ನ ಮಾತಿಂದ ಅಲ್ಲ ಕಣೋ. ಆ ಮಾತನ್ನ ಎತ್ತಿಕೊಂಡು ಹೋಗಿ ನಿನ್ನ ಕುತ್ತಿಗೆಗೆ ಕಟ್ಟಿದ್ದರಿಂದ." ಅಕ್ಕ ಹೆಲ್ಮೆಟ್ಟುಗಳ ರಾಶಿ ಸರಿಸಿ ಕೂತಳು. "ಅವತ್ತು ನಾನು ತಡವಾಗಿ ಬಂದಿದ್ರೆ ನೀನು ರುಜು ಹಾಕಿ, ದೊಡ್ಡ ಮನುಷ್ಯನ ಹಾಗೆ ಮನೆಗೆ ಹೋಗ್ತಿದ್ದೆ. ಆಮೇಲೆ ಈ ಅಂಗಳದಲ್ಲಿ ಒಬ್ಬನಾದ್ರೂ ಬಾಯಿ ಬಿಡ್ತಿದ್ನಾ? ಕಾಯಿದೆ ನಿನಗೊಬ್ಬನಿಗೆ ಕೊಡೆ ಹಿಡಿಯೋಕೆ ಅಂದ್ಕೊಂಡಿದೀಯಾ?"

ಭಾವ ಆರೋಪದ ಪತ್ರವನ್ನು ಈ ಸಲ ಓದಿದ. ನಿಧಾನವಾಗಿ, ಪ್ರತಿ ಸಾಲನ್ನೂ ತುಟಿಯಾಡಿಸಿ ಓದಿದ. 'ಒಳಗಿದ್ದ ಸಿಬ್ಬಂದಿಗೆ ಸೂಚನೆ ನೀಡದೆ ನೀರು ನಿಲ್ಲಿಸಿದ್ದು' ಎಂದಿತ್ತು.

"ಸೂಚನೆ ಕೊಟ್ಟೆ," ಎಂದ. "ಉತ್ತರಕ್ಕೆ ಕಾಯಲಿಲ್ಲ, ಅದು ನಿಜ. ಆದ್ರೆ ಕೂಗಿದ್ದೆ."

"ನೋಡಿದ್ಯಾ?" ಅಕ್ಕ ಮಂಡಿ ಹಿಡಿದುಕೊಂಡು ಎದ್ದಳು. "ಇದನ್ನೇ ನಾನು ಉಳಿದರ್ಧ ಅಂದಿದ್ದು."

*

ವಿಚಾರಣೆ ಹಗಲು ಹೊತ್ತಿನಲ್ಲಿ, ಅದೇ ಕೋಣೆಯಲ್ಲಿ, ಅದೇ ಕಟಕಟ ಫ್ಯಾನಿನ ಕೆಳಗೆ ನಡೆಯಿತು. ಆದರೆ ಭಾವ ಈ ಸಲ ಕ್ಷೌರ ಮಾಡಿಸಿಕೊಂಡಿದ್ದ, ನಿದ್ದೆ ಮಾಡಿದ್ದ. ಪಕ್ಕದಲ್ಲಿ ಅಕ್ಕ. ಮೇಜಿನ ಮೇಲೆ ಆಡಿದ್ದೆಲ್ಲವನ್ನೂ ಧ್ವನಿಮುದ್ರಿಸುವ ಪುಟ್ಟ ಯಂತ್ರ. ಅದರ ಪ್ರತಿ ತಮಗೂ ಸಿಗಬೇಕೆಂದು ಅಕ್ಕ ಮೊದಲೇ ಕೇಳಿ ಒಪ್ಪಿಸಿದ್ದಳು. ಇಸ್ತ್ರಿ ಸಾಹೇಬರು ದೂರುದಾರರಾಗಿ ಎದುರು ಕೂತಿದ್ದರು.

ಅಧಿಕಾರಿ ಗಂಟಲು ಸರಿಮಾಡಿಕೊಂಡರು. "ಮೊದಲೊಂದು ಮಾತು. ತೊಟ್ಟಿಯ ಹತ್ತಿರ ಇವರು ಆಡಿದ್ದನ್ನ ನಾನು ಲೆಕ್ಕಕ್ಕೆ ತಗೊಳ್ಳಲ್ಲ. ಆರೋಪ ಇದೆ ಅಂತ ಗೊತ್ತಿಲ್ಲದೆ, ಯಾರು ಕೇಳಿಸ್ಕೊಳ್ತಿದಾರೆ ಅಂತ ಗೊತ್ತಿಲ್ಲದೆ ಆಡಿದ ಮಾತು ಅದು. ಈಗ ಇಲ್ಲಿ ಏನು ಹೇಳ್ತೀರೋ ಅದು. ಹೇಳಲೇಬೇಕು ಅಂತಲೂ ಇಲ್ಲ."

"ಹೇಳ್ತೀನಿ ಸಾರ್," ಎಂದ ಭಾವ.

ಹೇಳಿದ. ತಾಳ ತಪ್ಪಿದಲ್ಲಿಂದ ಶುರುಮಾಡಿ ವಾಲ್ವ್ ಮುಚ್ಚಿದವರೆಗೆ. ಯಾವುದನ್ನೂ ಹಗುರ ಮಾಡಲಿಲ್ಲ, ಈ ಸಲ ಭಾರವೂ ಮಾಡಲಿಲ್ಲ. "ಕೂಗಿದೆ. ಉತ್ತರ ಬರಲಿಲ್ಲ. ಓಣಿಯಲ್ಲಿ ಹೋಸು ಹೊಡ್ಕೊಳ್ತಾ ಇತ್ತು, ಜನ ಇದ್ರು. ಇನ್ನೊಂದು ಸಲ ಕೂಗಬೇಕಿತ್ತು. ಕೂಗಲಿಲ್ಲ."

ಇಸ್ತ್ರಿ ಸಾಹೇಬರು ತಲೆಯಲ್ಲಾಡಿಸಿದರು. "ನಾನೂ ಅದೇ ಚಾನಲ್‌ನಲ್ಲಿದ್ದೆ. ನನ್ನ ವಾಕಿಟಾಕಿಯಲ್ಲಿ ಇವರು ಕೂಗಿದ್ದು ಕೇಳಿಸಲಿಲ್ಲ. ಅದಕ್ಕೇ ಸೂಚನೆ ಕೊಟ್ಟಿಲ್ಲ ಅಂತ ಬರೆದಿದ್ದು."

"ಸಾಕ್ಷಿಯನ್ನ ಕರೀಬಹುದಾ ಸಾರ್?" ಎಂದಳು ಅಕ್ಕ. "ಒಳಗಿದ್ದವನನ್ನ ಇದುವರೆಗೆ ಯಾರೂ ಕೇಳೇ ಇಲ್ಲ."

ಬಾಮೈದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಒಳಗೆ ಬಂದ. ಭಾವನ ಕಡೆ ನೋಡಲಿಲ್ಲ; ನೋಡಿದರೆ ನಗು ಬಂದೀತೆಂದು ನೋಡಲಿಲ್ಲ.

"ನೀರು ನಿಲ್ಲೋ ಮುಂಚೆ ವಾಕಿಟಾಕಿಯಲ್ಲಿ ಏನಾದ್ರೂ ಕೇಳಿಸ್ತಾ?" ಅಧಿಕಾರಿ ಕೇಳಿದರು.

"ಕೇಳಿಸ್ತು ಸಾರ್. 'ಎರಡನೇ ಗಾಡಿ ಹಿಂದಿನ ಗೇಟಿಗೆ ಬರಲಿ' ಅಂತ ಕೇಳಿಸ್ತು. ಅದಾದ ತಕ್ಷಣ ನೀರು ನಿಲ್ತು."

"ಭಾವನವರ ಧ್ವನಿ?"

"ಇಲ್ಲ ಸಾರ್. ಭಾವನ ಧ್ವನಿ ಆಗಿದ್ರೆ ಹೊಗೆಯಲ್ಲೂ ಗೊತ್ತಾಗ್ತಿತ್ತು. ನಮ್ಮಕ್ಕನ ಮದುವೆ ಆದಾಗಿಂದ ಕೇಳ್ತಿದೀನಿ."

ಯಾರೂ ನಗಲಿಲ್ಲ. ಒಂದೇ ಚಾನಲ್‌ನಲ್ಲಿ ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಒಬ್ಬರ ಮಾತು ಇನ್ನೊಬ್ಬರ ಮಾತನ್ನು ನುಂಗುತ್ತದೆ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತು. ಮಾತಾಡುತ್ತಿರುವವರ ವಾಕಿಟಾಕಿಯಲ್ಲಿ ಬೇರೆಯವರ ಮಾತು ಕೇಳುವುದೂ ಇಲ್ಲ. ಎರಡನೇ ಗಾಡಿ ತರಿಸಿದ್ದು ಯಾರು ಎಂದು ಅಧಿಕಾರಿ ಕೇಳಲು ಬಾಯಿ ತೆರೆಯುವ ಮುಂಚೆ ಇಸ್ತ್ರಿ ಸಾಹೇಬರೇ ಹೇಳಿದರು.

"ಅದು ನನ್ನ ಧ್ವನಿ."

ಅವರ ಮುಖದ ಬಣ್ಣ ಇಳಿದಿತ್ತು. ಅಂಗಿಯ ಮಡಿಕೆಗಳು ಮಾತ್ರ ಹಾಗೇ ನಿಂತಿದ್ದವು. "ಗಾಡಿ ಕರೆಸಿದ್ದು ತಪ್ಪಲ್ಲ ಅಂತ ಈಗಲೂ ಅನ್ಸತ್ತೆ. ಆದ್ರೆ ಅದೇ ಹೊತ್ತಿಗೆ ಇವರು ಕೂಗಿರಬಹುದು ಅಂತ ನನಗೆ ಹೊಳೀಲೇ ಇಲ್ಲ. ದೂರು ಕೊಡೋ ಮುಂಚೆ ಒಳಗಿದ್ದವರನ್ನ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ."

ಭಾವನಿಗೆ ತಾನು ಗೆದ್ದೆ ಅನ್ನಿಸಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತ ಮನುಷ್ಯನ ಮುಖ ಅವನಿಗೆ ಗುರುತು ಹತ್ತಿತು. ಮನೆಯಲ್ಲಿ ಗೋಡೆ ನೋಡಿಕೊಂಡು ಕೂತಿದ್ದಾಗ ತನ್ನ ಮುಖವೂ ಹಾಗೇ ಇತ್ತೇನೋ. ತನ್ನ ಪಕ್ಕದಲ್ಲಿ ಅಕ್ಕ ಇದ್ದಳು. ಅವರ ಪಕ್ಕದಲ್ಲಿ ಯಾರೂ ಇರಲಿಲ್ಲ.

"ಸಾರ್," ಎಂದ ಅಧಿಕಾರಿಗೆ. "ಅವರು ಬಟನ್ ಒತ್ತಿದ್ದು ಬೇಕು ಅಂತ ಅಲ್ಲ. ಅದನ್ನ ಅವರ ಮೇಲೆ ಹಾಕಬೇಡಿ. ಉತ್ತರಕ್ಕೆ ಕಾಯದೆ ಇದ್ದಿದ್ದು ನನ್ನದು, ಅದು ನನ್ನದಾಗೇ ಇರಲಿ."

ಏಣಿ ಅಕ್ಕ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಆಮೇಲೆ, ಇವನು ಹೀಗೇ ಎಂದು ಬಿಟ್ಟುಬಿಟ್ಟಳು.

ತೀರ್ಮಾನ ಬರಲು ಕೆಲವು ದಿನ ಹಿಡಿಯಿತು. ಸೂಚನೆ ಕೊಡದ ಆರೋಪ ಕೈಬಿಟ್ಟಿದ್ದರು. ಉತ್ತರಕ್ಕೆ ಕಾಯದ ಬಗ್ಗೆ ಒಂದು ಎಚ್ಚರಿಕೆ. ಅದು ಸರಿಯಲ್ಲ ಅನ್ನಿಸಿದರೆ ಮೇಲ್ಮನವಿ ಹಾಕಿಕೊಳ್ಳಬಹುದು ಎಂದೂ ತಿಳಿಸಿದ್ದರು. ಮೇಲ್ಮನವಿ ಬೇಡ, ಅದು ನ್ಯಾಯವೇ ಎಂದ ಭಾವ. ಇನ್ನು ಮುಂದೆ ಪಂಪಿನವರಿಗೂ ಒಳಗಿರುವವರಿಗೂ ಬೇರೆಯೇ ಚಾನಲ್ ಎಂಬ ಆದೇಶವೂ ಬಂತು. ಭಾವ ಪಂಪಿಗೆ ಮರಳಿದ. ಅದರ ಕಬ್ಬಿಣದ ಮೈ ಮುಟ್ಟಿ, ಯಾರಿಗೂ ಕಾಣದ ಹಾಗೆ ಮನಸ್ಸಿನಲ್ಲೇ ಕೈಮುಗಿದ.

*

ಮರಳಿದ ಮೊದಲ ಕರೆ ದೊಡ್ಡದೇನಲ್ಲ. ಯಾರೋ ಬೀಡಿ ಎಸೆದು ಹಳೇ ಮರದ ಸಾಮಾನಿನ ರಾಶಿಗೆ ಬೆಂಕಿ. ಆರಿಸಿ ಬಂದು ಹೋಸನ್ನು ತೊಟ್ಟಿಗೆ ಹಾಯಿಸಿದರು. ಬಾಮೈದ ಇನ್ನೂ ರಜೆಯಲ್ಲಿದ್ದರೂ ಮನೆಯಲ್ಲಿ ಕೂರಲಾರದೆ ಬಂದು, ಬಲಗೈಯಲ್ಲಿ ಹೋಸಿನ ತುದಿ ಹಿಡಿದಿದ್ದ. ಪರಪರ, ಪರಪರ. ಯಾರೂ ಮಾತಿಗೆ ಮೊದಲಾಗಲಿಲ್ಲ. ಅಭ್ಯಾಸ ತಪ್ಪಿಹೋಗಿತ್ತು.

ಬಾಗಿಲ ಬಳಿ ಇಸ್ತ್ರಿ ಸಾಹೇಬರು ಬಂದು ನಿಂತರು. ಬ್ರಷ್ಷುಗಳ ವೇಗ ಇಳಿಯಿತು. ಅವರು ಅಂಗಿಯ ತೋಳಿನ ಗುಂಡಿ ಬಿಚ್ಚಿ, ಮಡಿಸಿ, ಮೊಣಕೈ ಮೇಲಕ್ಕೆ ಏರಿಸಿದರು. ಬಂದು ಸಾಲಿನ ಕೊನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬ್ರಷ್ಷೊಂದನ್ನು ಎತ್ತಿಕೊಂಡರು. ಹಿಡಿದದ್ದು ತಿರುವುಮುರುವಾಗಿತ್ತು. ದಪ್ಪ ಹೊಟ್ಟೆಯವನು ತಿರುಗಿಸಿ ಕೊಟ್ಟ.

ಸ್ವಲ್ಪ ಹೊತ್ತು ಉಜ್ಜಿದ ಮೇಲೆ, ಹೋಸಿನ ಮೇಲಿಂದ ಕಣ್ಣೆತ್ತದೆ, ಅವರು ಹೇಳಿದರು: "ನನ್ನದೊಂದು ಇದೆ."

ಎಲ್ಲರೂ ಕೇಳಿಸಿಕೊಂಡರು. ಅವರು ಹೇಳಿದ್ದನ್ನು ಇಲ್ಲಿ ಬರೆಯುವುದು ಸರಿಯಲ್ಲ; ತೊಟ್ಟಿಯ ಬಳಿ ಆಡಿದ್ದು ಅದು. ಹೇಳಿ ಮುಗಿಸಿದಾಗ ಅವರ ಅಂಗಿಯ ಮುಂಭಾಗವೆಲ್ಲ ಕರಿನೀರಾಗಿತ್ತು.

"ನಾನು ಈ ಕೆಲಸಕ್ಕೆ ಸೇರಿದ್ದೇ ತಪ್ಪು," ಎಂದ ದಪ್ಪ ಹೊಟ್ಟೆಯವನು, ಉಸಿರು ಬಿಡುತ್ತಾ.

"ನಿನ್ನನ್ನ ಸೇರಿಸ್ಕೊಂಡೋರ ತಪ್ಪು ಅದು," ಎಂದಳು ಏಣಿ ಅಕ್ಕ. ನಗು ತೊಟ್ಟಿಯ ಈ ತುದಿಯಿಂದ ಆ ತುದಿಗೆ ಓಡಿತು. ಇಸ್ತ್ರಿ ಸಾಹೇಬರಿಗೂ ತಾಗಿತು.

"ಭಾವ, ನಿಮ್ಮದು?" ಬಾಮೈದ ಕೇಳಿದ.

ಭಾವ ಯೋಚಿಸಿದ. ಅವತ್ತು ಪಂಪು ತಾಳ ತಪ್ಪಿರಲಿಲ್ಲ, ಕೂಗಿದ್ದಕ್ಕೆ "ಕೇಳಿಸ್ತು" ಎಂದು ಉತ್ತರ ಬಂದಿತ್ತು, ಎಲ್ಲ ಸರಿಯಾಗಿತ್ತು. ಆದರೆ ಹೇಳದೆ ಇರುವ ಹಾಗಿಲ್ಲ. ಹುಡುಕಿದ, ಹುಡುಕಿದ. ಇದ್ದಕ್ಕಿದ್ದಂತೆ ಅವನ ಕೈಯ ಬ್ರಷ್ಷು ನಿಂತಿತು.

"ನನ್ನದೊಂದು ಇದೆ," ಎಂದ. "ಬೆಳಿಗ್ಗೆ ಹೊರಡೋ ಗಡಿಬಿಡಿಯಲ್ಲಿ, ಹಾಲು ಕಾಯಿಸಿ, ಒಲೆ ಆರಿಸಿದ್ನೋ ಇಲ್ವೋ..."

"ಫೋನ್ ಮಾಡೋ ಮಾರಾಯ!" ಎಂದು ಇಡೀ ಸಾಲು ಒಟ್ಟಿಗೆ ಕಿರುಚಿತು. ದಪ್ಪ ಹೊಟ್ಟೆಯವನು ಆಗಲೇ ಗಾಡಿಯ ಕಡೆ ಎರಡು ಹೆಜ್ಜೆ ಓಡಿದ್ದ.

ಭಾವ ಒದ್ದೆ ಕೈಯಲ್ಲೇ ಫೋನ್ ಹಿಡಿದ. ಆ ಕಡೆಯಿಂದ ಹೆಂಡತಿಯ ದನಿ ಅಂಗಳಕ್ಕೆಲ್ಲ ಕೇಳಿಸಿತು: "ಆರಿಸಿದೀನಿ ಕಣ್ರೀ! ನಿಮ್ಮನ್ನ ನಂಬಿದ್ರೆ ನಿಮ್ಮ ಗಾಡಿ ನಮ್ಮನೆ ಮುಂದೇ ನಿಂತಿರ್ತಿತ್ತು. ನನ್ನ ತಮ್ಮ ಅಲ್ಲಿದಾನಾ? ಮಧ್ಯಾಹ್ನದ ಮಾತ್ರೆ ಇಲ್ಲೇ ಮರೆತು ಹೋಗಿದಾನೆ, ಕೇಳಿ."

ಬಾಮೈದ ಜೇಬು ತಡವಿಕೊಂಡ. ತಲೆ ತಗ್ಗಿಸಿದ.

"ನನ್ನದೂ ಒಂದು ಇದೆ," ಎಂದ.